ಜಪಸರದಲ್ಲಿ ಅವರ ಪಾಲು

ಮೊದಲು ಕೆಟ್ಟದ್ದು ಅವರ ದನಿ.

ಸಂಜೆಯ ಜಪಸರ ನಡೆಯುತ್ತಿತ್ತು. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಒಂದೇ ಪದ್ಧತಿ. ಪ್ರತಿ ಮಣಿಗೂ 'ನಮೋ ಮರಿಯೆ' ಪ್ರಾರ್ಥನೆಯ ಮೊದಲರ್ಧ ನನ್ನ ಗಂಡ ಇನ್ನಾಸಪ್ಪ ಹೇಳಬೇಕು, ಉಳಿದರ್ಧ ನಾನು ಹೇಳಬೇಕು. ಅಂದು ಸರದ ಐದು ರಹಸ್ಯಗಳಲ್ಲಿ ಮೂರನೆಯದರ ನಡುವೆ ಅವರ ದನಿ ತುಂಡಾಯಿತು. ಕೆಮ್ಮಿದರು. ನೀರು ಕುಡಿದರು. ಮತ್ತೆ ಶುರು ಮಾಡಿದರು. ತುಕ್ಕು ಹಿಡಿದ ಗೇಟು ಎಳೆದ ಹಾಗೆ ಕೇಳಿಸಿತು.

"ಕೋಲ್ಡ್ ಇರ್ಬೇಕು ಬಿಡ್ರೀ," ಎಂದೆ. ಉಪ್ಪುನೀರು ಕಾಯಿಸಿ ಕೊಟ್ಟೆ.

ಇನ್ನಾಸಪ್ಪ ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್‌ನಲ್ಲಿ ದುಡಿದವರು. ಶಂಟಿಂಗ್ ಇಂಜಿನ್‌ಗಳ ಸದ್ದನ್ನು ಮೀರಿ ಕೂಗಿ ಕೂಗಿ ಗಟ್ಟಿಯಾದ ಗಂಟಲು. ರಿಟೈರ್ ಆಗಿ ನಾವು ಗಂಗಾನಗರದಲ್ಲಿ ಪುಟ್ಟ ಮನೆ ಕಟ್ಟಿಕೊಂಡ ಮೇಲೂ ಅವರು "ಸಿಸಿಲೀ" ಎಂದು ಕರೆದರೆ ರಸ್ತೆಯ ತುದಿಯ ಅಂಗಡಿಯವನು ತಿರುಗಿ ನೋಡುತ್ತಿದ್ದ. ಅಂಥ ಗಂಟಲು ತಿಂಗಳಾದರೂ ಸರಿಹೋಗಲಿಲ್ಲ. ಆಮೇಲೆ ಅನ್ನ ಇಳಿಯುವಾಗ ನೋವು ಶುರುವಾಯಿತು. ಇ.ಎನ್.ಟಿ. ಡಾಕ್ಟರ್ ಬಾಯೊಳಗೆ ಕನ್ನಡಿ ಇಳಿಸಿ ನೋಡಿದರು. ಬಯಾಪ್ಸಿ ಆಗಬೇಕೆಂದರು.

ರಿಪೋರ್ಟ್ ಬಂದ ದಿನ ನನ್ನೊಬ್ಬಳನ್ನೇ ಒಳಗೆ ಕರೆದರು.

"ಮಿಸೆಸ್ ಇನ್ನಾಸಪ್ಪ, ಇಟ್ ಈಸ್ ಕ್ಯಾನ್ಸರ್ ಆಫ್ ದ ಲ್ಯಾರಿಂಕ್ಸ್. ಆಲ್ರೆಡಿ ಅಡ್ವಾನ್ಸ್ಡ್."

ಕಾನ್ವೆಂಟ್‌ನಲ್ಲಿ ಓದಿದ್ದಕ್ಕೆ ಮೊದಲ ಸಲ ಬೇಜಾರಾಯಿತು. ಇಂಗ್ಲಿಷ್ ಬಾರದಿದ್ದರೆ ಇನ್ನೊಂದು ಗಳಿಗೆ ತಡವಾಗಿ ತಿಳಿಯುತ್ತಿತ್ತಲ್ಲ.

ಹೊರಗೆ ಬೆಂಚಿನ ಮೇಲೆ ಅವರು ಟೋಪಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಏನಂತೆ?"

"ಕರೆಂಟ್ ಕೊಡ್ಬೇಕಂತೆ."

ಅವರಿಗೆ ಗೊತ್ತಾಯಿತು. ಕರೆಂಟ್ ಯಾವ ರೋಗಕ್ಕೆ ಕೊಡುತ್ತಾರೆಂದು ಯಾರಿಗೆ ಗೊತ್ತಿಲ್ಲ? ಎದ್ದು ಟೋಪಿ ಹಾಕಿಕೊಂಡರು. "ನಡಿ, ಬಸ್ ಹೋಗ್ಬಿಡತ್ತೆ," ಎಂದರು, ಅದೇ ಗೊಗ್ಗರು ದನಿಯಲ್ಲಿ.

ಕೋಬಾಲ್ಟ್ ಟ್ರೀಟ್‌ಮೆಂಟ್ ಅವರ ಕುತ್ತಿಗೆಯನ್ನು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಂದಿತು. ಬಾಯಲ್ಲಿ ಎಂಜಲು ಒಣಗಿತು. ಸಾರು ಮಣ್ಣಿನ ಹಾಗಿದೆ ಎಂದರು, ಕಾಫಿಯೂ ಮಣ್ಣೇ ಎಂದರು. ಗಡ್ಡೆ ಸ್ವಲ್ಪ ಕರಗಿತು, ಆಮೇಲೆ ಮೊದಲಿಗಿಂತ ದೊಡ್ಡದಾಯಿತು. ಒಂದು ಬೆಳಿಗ್ಗೆ ಉಸಿರು ಎಳೆಯಲಾರದೆ ಕಿಟಕಿಯ ಸರಳು ಹಿಡಿದು ನಿಂತುಬಿಟ್ಟರು. ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಎಂದು ಟ್ರೇಕಿಯಾಸ್ಟಮಿ ಮಾಡಿದರು.

ಕತ್ತಿನಲ್ಲಿ ಒಂದು ತೂತು. ಅದರಲ್ಲಿ ಒಂದು ಟ್ಯೂಬ್. ದನಿ ಪೂರ್ತಿ ಹೋಯಿತು.

ಮನೆಗೆ ಬಂದ ಮೇಲೆ ನನ್ನ ದಿನವೆಲ್ಲ ಆ ಟ್ಯೂಬಿನ ಸುತ್ತಲೇ ಸುತ್ತತೊಡಗಿತು. ಕಾಲಲ್ಲಿ ಒತ್ತುವ ಸಕ್ಷನ್ ಮೆಷಿನ್‌ನಿಂದ ಕಫ ಎಳೆಯಬೇಕು. ಒಳಗಿನ ಟ್ಯೂಬ್ ಬಿಚ್ಚಿ ತೊಳೆದು ಕುದಿಸಬೇಕು. ಮೂಗಿನ ನಳಿಗೆಗೆ ಸಿರಿಂಜ್ ಸಿಕ್ಕಿಸಿ ಸೋಸಿದ ಗಂಜಿ ಇಳಿಸಬೇಕು. ಸ್ಲೇಟು ಬಳಪ ತಂದುಕೊಟ್ಟೆ. ನಾನೇನು ಒಂದನೇ ಕ್ಲಾಸಿನ ಹುಡುಗನೇ ಎಂಬಂತೆ ನೋಡಿ ಮಂಚದ ಕೆಳಗೆ ತಳ್ಳಿದರು. ಹಾಗಾಗಿ ನಾನು ತುಟಿ ಓದುವುದನ್ನು ಕಲಿತೆ.

ಇದೆಲ್ಲದರ ನಡುವೆ ನಾನು ಚರ್ಚ್‌ಗಳಿಗೆ ಓಡುತ್ತಿದ್ದೆ. ಮಂಗಳವಾರ ಒಂದು ನೊವೆನಾ ಪ್ರಾರ್ಥನೆ, ಬುಧವಾರ ಇನ್ನೊಂದು, ಶನಿವಾರ ಮರಿಯ ಮಾತೆಯದು, ತಿಂಗಳ ಮೊದಲ ಶುಕ್ರವಾರ ಯೇಸುವಿನ ಪವಿತ್ರ ಹೃದಯದ್ದು. ಹೋಗುವಾಗ ಪಕ್ಕದ ಮನೆಯ ಖೈರುನ್ ಬಿ ಬಂದು ಅವರ ಹತ್ತಿರ ಕೂರುತ್ತಿದ್ದಳು. ಕಾನ್ವೆಂಟ್‌ನಲ್ಲಿ ನಮ್ಮ ಮದರ್ ಸುಪೀರಿಯರ್ ಲೆಟರ್ ರೈಟಿಂಗ್ ಚೆನ್ನಾಗಿ ಕಲಿಸಿದ್ದರು. ನನ್ನ ಪ್ರಾರ್ಥನೆಗಳೂ ಅದೇ ಅಚ್ಚಿನವು. ಐ ಹಂಬ್ಲಿ ಬೆಗ್ ಟು ಸ್ಟೇಟ್ ಎಂದು ಶುರುವಾಗಿ ಕೈಂಡ್ಲಿ ಡು ದ ನೀಡ್‌ಫುಲ್ ಎಂದು ಮುಗಿಯುವಂಥವು. ಯೇಸುಸ್ವಾಮಿ ಮೇಜಿನ ಆಚೆ ಕುಳಿತ ದೊಡ್ಡ ಆಫೀಸರ್. ನಾನು ಈಚೆ ನಿಂತವಳು.

ಊರೊಳಗಿನ ದೊಡ್ಡ ಚರ್ಚಿನ ಮುಂದೆ ಮೇಣದ ಅಂಗಗಳನ್ನು ಮಾರುತ್ತಾರೆ. ಕಾಲು ನೋವಾದರೆ ಮೇಣದ ಕಾಲು, ಕಣ್ಣಾದರೆ ಕಣ್ಣು, ಮಾತೆಯ ಪಾದದಲ್ಲಿಟ್ಟು ಹರಕೆ ಹೊರುವುದು. ಮದುವೆಯಾದ ಹೊಸತರಲ್ಲಿ ನಾನೊಂದು ಮೇಣದ ಮಗು ಇಟ್ಟು ಬಂದಿದ್ದೆ. ಆ ಮಗು ಬರಲಿಲ್ಲ. ಆದರೂ ಈಗ ಮತ್ತೆ ಅದೇ ಅಂಗಡಿಯ ಮುಂದೆ ನಿಂತೆ.

"ಗಂಟಲು ಕೊಡಮ್ಮಾ."

ಮಾರುವವಳು ಬುಟ್ಟಿ ಕೆದಕಿದಳು. "ಗಂಟಲು ಬರಲ್ಲಮ್ಮಾ. ಕೈ ಇದೆ, ಕಾಲಿದೆ, ಹಾರ್ಟ್ ಇದೆ."

"ಗಂಟಲಿಗೇನೇ ಬೇಕಾಗಿರೋದು."

"ಹಂಗಾದ್ರೆ ಫುಲ್ ಆಳು ತಗೊಳ್ಳಿ. ಅದ್ರಲ್ಲಿ ಗಂಟಲೂ ಸೇರಿರತ್ತಲ್ಲ."

ತಗೊಂಡೆ. ಅಂದು ಚರ್ಚಿನೊಳಗೆ ಕಾಲಿಡಲು ಜಾಗವಿರಲಿಲ್ಲ. ನಾಳೆ ಬಂದು ಇಡೋಣ ಎಂದು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ. ಏಪ್ರಿಲ್ ಬಿಸಿಲು. ಮನೆಯಲ್ಲಿ ತೆಗೆದು ನೋಡಿದರೆ ಮೇಣದ ಮನುಷ್ಯ ಕುತ್ತಿಗೆಯ ಹತ್ತಿರವೇ ಮೆತ್ತಗಾಗಿ ಒಂದು ಕಡೆಗೆ ವಾಲಿದ್ದ.

ಅಪಶಕುನವೆನ್ನಿಸಿ ಸೆರಗಿನಲ್ಲಿ ಮುಚ್ಚಲು ಹೋದೆ. ಅವರು ನೋಡಿದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಸದ್ದಿಲ್ಲದ ನಗು, ಟ್ಯೂಬಿನಲ್ಲಿ ಸಿಳ್ಳೆ. ಆಮೇಲೆ ಅದೇ ಕೆಮ್ಮಾಗಿ ಸಕ್ಷನ್ ಹಾಕಬೇಕಾಯಿತು. ಸುಧಾರಿಸಿಕೊಂಡು ಗೋಡೆಯ ಮೇಲಿನ ಯೇಸುವಿನ ಪಟದ ಕಡೆ ಬೆರಳು ಮಾಡಿದರು. 'ಅಲ್ಲೇ ಇಡು.' ಪವಿತ್ರ ಹೃದಯದ ಪಟದ ಕೆಳಗೆ ಆ ವಾಲಿದ ಕತ್ತಿನವನನ್ನು ನಿಲ್ಲಿಸಿದೆ. ಹರಕೆಗೆ ಹೋಗಲಾರದವನು ಮನೆಯಲ್ಲೇ ಉಳಿದ.

ಆ ವಾರ ಅವರ ತಂಗಿ ಲೂರ್ದಮ್ಮ ಸೋಲದೇವನಹಳ್ಳಿ ಕಡೆಯ ಊರಿನಿಂದ ಬಂದಿದ್ದಳು. ನಾನು ಸೆರಗಿಗೆ ಪಿನ್ ಚುಚ್ಚಿಕೊಳ್ಳುವುದನ್ನು ನೋಡಿ ಬಾಗಿಲಿಗೆ ಅಡ್ಡ ಬಂದಳು.

"ಅತ್ತಿಗೆ, ದಿನಕ್ಕೊಂದು ಚರ್ಚು ಸುತ್ತಾ ಇದ್ದೀಯ. ಅಣ್ಣಯ್ಯ ಬಾಗ್ಲು ನೋಡ್ಕಂಡು ಬಿದ್ದವ್ನೆ. ಇಂಗಾದ್ರೆ ಎಂಗೆ?"

"ಅವರಿಗೋಸ್ಕರ ತಾನೇ ಹೋಗೋದು ಲೂರ್ದು."

"ಅವನ್ಗೋಸ್ಕರ ನೀನು ಓದ್ರೆ ಅವನತ್ರ ಯಾರು ಇರೋದು? ಪಕ್ಕದ್ಮನೆ ಬೂಬಮ್ಮನಾ?"

ಗಂಜಿ ಸೋಸುತ್ತಿದ್ದ ಖೈರುನ್ ಬಿ ಒಳಗಿನಿಂದಲೇ ಕೂಗಿದಳು: "ಅರೆ ಲೂರ್ದಮ್ಮಾ, ಸಾಬ್ ನನ್ನ ಜೊತೆ ಆರಾಮಾಗೇ ಇರ್ತಾರೆ. ಬೈಯೋಕೆ ಬಾಯಿಲ್ಲ ಪಾಪ, ಪೂರಾ ಕಥೆ ಕೇಳ್ತಾರೆ."

ಲೂರ್ದಮ್ಮನೂ ನಕ್ಕಳು. ನಾನು ಮಾತ್ರ ನಗದೆ ನೊವೆನಾಗೆ ಹೋದೆ.

ಸಂಜೆ ಬಂದು ಜಪಸರಕ್ಕೆ ಕುಳಿತೆ. ಆಪರೇಷನ್ ಆದಾಗಿನಿಂದ ಎರಡೂ ಅರ್ಧ ನಾನೇ ಹೇಳುತ್ತಿದ್ದೆ, ಗಡಗಡನೆ, ಹೊಲಿಗೆ ಮೆಷಿನ್‌ನಲ್ಲಿ ಬಟ್ಟೆ ಓಡಿಸಿದ ಹಾಗೆ. ಅಂದು ಅವರು ಕೈ ಎತ್ತಿದರು. ಸಕ್ಷನ್ ಬೇಕೇನೋ ಎಂದು ಎದ್ದೆ. ಅದಲ್ಲ ಎಂದು ತಲೆಯಾಡಿಸಿದರು. ತುಟಿ ಅಲುಗಿತು.

'ನನ್ನದು.'

"ಏನ್ರೀ?"

'ನನ್ನ ಪಾಲು. ನೀನ್ ಹೇಳ್ಬೇಡ.'

ಸರ ತಮ್ಮ ಕೈಗೆ ತೆಗೆದುಕೊಂಡರು. ಮೊದಲ ಮಣಿ ಹಿಡಿದು ತುಟಿ ಅಲ್ಲಾಡಿಸತೊಡಗಿದರು. ಶಬ್ದವಿಲ್ಲ, ಟ್ಯೂಬಿನಲ್ಲಿ ಗಾಳಿಯ ಸುಯ್ ಮಾತ್ರ. ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಳ್ಳುತ್ತಿದ್ದರು. ಮುಗಿದಾಗ ಒಂದು ಬೆರಳು ಎತ್ತಿದರು. ನಾನು ನನ್ನ ಅರ್ಧ ಹೇಳಿದೆ. ಮತ್ತೆ ಅವರ ತುಟಿ. ಮತ್ತೆ ಬೆರಳು.

ಅವರ ಪಾಲು ಮುಗಿಯುವುದು ತಿಳಿಯಬೇಕಾದರೆ ಅವರನ್ನೇ ನೋಡಬೇಕು. ಬೇರೆ ದಾರಿಯಿಲ್ಲ. ಎಷ್ಟೋ ವಾರಗಳಿಂದ ನಾನು ಟ್ಯೂಬ್ ನೋಡಿದ್ದೆ, ಕಫದ ಬಣ್ಣ ನೋಡಿದ್ದೆ, ಗಾಯ ನೋಡಿದ್ದೆ. ಮುಖ ನೋಡಿರಲಿಲ್ಲ. ಹುಬ್ಬಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಆ ನಿಧಾನದಲ್ಲೇ ಇನ್ನೊಂದು ವಿಷಯ ಹೊಳೆಯಿತು. ಇಷ್ಟು ವರ್ಷ ಬಾಯಿಪಾಠವಾಗಿದ್ದದ್ದು, ಆದರೂ ಹೊಳೆದಿರಲಿಲ್ಲ. ಅವರ ಪಾಲಿನಲ್ಲಿ ಬೇಡಿಕೆಯೇ ಇಲ್ಲ. ಬರೀ ವಂದನೆ, ಕರ್ತರು ನಿಮ್ಮೊಡನೆ ಇದ್ದಾರೆ ಎನ್ನುವ ಮಾತು, ಕೊನೆಗೆ ಯೇಸುವಿನ ಹೆಸರು. ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುವುದೆಲ್ಲ ನನ್ನ ಪಾಲಿನಲ್ಲಿ. ಪರಲೋಕ ಮಂತ್ರವೂ ಹಾಗೆಯೇ. ನಿಮ್ಮ ನಾಮ ಪೂಜಿತವಾಗಲಿ ಎನ್ನುವುದು ಅವರು, ರೊಟ್ಟಿ ಕೊಡಿ ಎನ್ನುವುದು ನಾನು. ಒಂದು ಇಡೀ ಸಂಸಾರ ಹೀಗೆ ನಡೆದುಹೋಗಿತ್ತು. ಅವರು ಬಾಗಿಲು ತಟ್ಟಿ ಒಳಗೆ ಹೋಗಿ ಮಾತಾಡಿಸಿ ಬರುವವರು, ನಾನು ಅವರ ಹಿಂದೆಯೇ ಕೈ ಚಾಚಿಕೊಂಡು ಹೋಗುವವಳು.

ಮರುದಿನದ ನೊವೆನಾಗೆ ಹೋಗಲಿಲ್ಲ. ಆಮೇಲೆ ಯಾವುದಕ್ಕೂ ಹೋಗಲಿಲ್ಲ. ದೊಡ್ಡ ನಿರ್ಧಾರವೇನೂ ಅಲ್ಲ, ಜಪಸರಕ್ಕೇ ಸಂಜೆಯೆಲ್ಲ ಹಿಡಿಯುತ್ತಿತ್ತು. ಅವರು ಸುಧಾರಿಸಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಓದುವವರಿಗೆ ಬೇರೆ ಆಸೆ ಬೇಡ.

ನಮ್ಮ ಫಾದರ್ ಪರಮಪ್ರಸಾದ ತರುತ್ತಿದ್ದರು, ಯೇಸುವೇ ಅದರಲ್ಲಿದ್ದಾರೆಂದು ನಾವು ನಂಬುವ ರೊಟ್ಟಿ. ಮೊದಮೊದಲು ಒಂದು ಚೂರನ್ನು ಚಮಚದ ನೀರಿನಲ್ಲಿ ನೆನೆಸಿ ಕೊಡುತ್ತಿದ್ದರು. ಕೊನೆಗೆ ಆ ಚಮಚದ ನೀರೂ ಇಳಿಯಲಿಲ್ಲ. ಫಾದರ್‌ಗೆ ಏನು ಮಾಡಬೇಕೆಂದು ತೋಚದೆ ಪ್ರಸಾದದ ಪುಟ್ಟ ಡಬ್ಬಿ ಮುಚ್ಚಿ ಎದ್ದರು. ಇವರು ಕೈಯಿಂದ ಸ್ಟೂಲ್ ತೋರಿಸಿದರು.

"ಏನು ಹೇಳ್ತಿದಾರಮ್ಮಾ?"

"ಡಬ್ಬಿ ಅಲ್ಲಿಟ್ಟು ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಂತಿದಾರೆ ಫಾದರ್."

ಫಾದರ್ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ಡಬ್ಬಿ ಇಟ್ಟರು. ಮೂವರೂ ಸುಮ್ಮನೆ ಕುಳಿತೆವು. ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಫಾದರ್ ಡಬ್ಬಿ ಎತ್ತಿಕೊಂಡು ಹೊರಟ ಮೇಲೆ ನನಗೆ ದುಃಖ ತಡೆಯಲಾಗಲಿಲ್ಲ. "ಇವತ್ತು ನಿಮಗೆ ಏನೂ ಸಿಗ್ಲಿಲ್ಲವಲ್ರೀ," ಎಂದೆ.

ಅವರು ಖಾಲಿ ಸ್ಟೂಲ್ ನೋಡುತ್ತಿದ್ದರು. 'ಬಂದಿದ್ರಲ್ಲ,' ಎಂದಿತು ತುಟಿ.

ಮರುವರ್ಷ, ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ಕಾಲದ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಟ್ಯೂಬ್ ಕುದಿಸುತ್ತಿದ್ದೆ. ಖೈರುನ್ ಬಿ ಅವರ ಹತ್ತಿರ ಕುಳಿತು ಮಗಳ ಮದುವೆಯ ಸಮಾಚಾರ ಹೇಳುತ್ತಿದ್ದಳು. ಅವಳ ಮಾತು ನಿಂತಿತು.

"ಅಮ್ಮಾ. ಒಲೆ ಬಿಡಿ. ಬನ್ನಿ."

ಹೋದೆ. ಸುಯ್ ಸದ್ದು ಇರಲಿಲ್ಲ.

ನೀರು ಕುದಿಯುತ್ತಲೇ ಇತ್ತು.

ಈಗ ಸಕ್ಷನ್ ಮೆಷಿನ್ ಮರಳಿ ಕೊಟ್ಟಾಗಿದೆ. ಮಂಚ ಗೋಡೆಗೆ ಸರಿಸಿದ್ದೇನೆ. ಮನೆಗೆ ಬಂದವರು ದೇವರ ಚಿತ್ತ ಎನ್ನುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಅವರ ಮೇಲೆ ಕೋಪವಿಲ್ಲ. ನನ್ನ ಭಯ ಬೇರೆ. ಮಗು ಬರಲಿಲ್ಲ, ಗಂಡ ಉಳಿಯಲಿಲ್ಲ, ಇನ್ನು ಕೇಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ. ಕೇಳುವುದು ಮುಗಿದ ಮೇಲೆ ಪಟದ ಮುಂದೆ ಕುಳಿತರೆ ಯೇಸುಸ್ವಾಮಿಯ ಹತ್ತಿರ ಆಡಲು ನನಗೆ ಮಾತೇ ಇಲ್ಲ. ಬ್ಯಾಪ್ಟಿಸಮ್ ಆದಂದಿನಿಂದ ಗೊತ್ತಿರುವ ಮುಖ. ಹೆಸರು ಗೊತ್ತು, ಅಡ್ರೆಸ್ ಗೊತ್ತು, ಆ ವ್ಯಕ್ತಿ ಗೊತ್ತಿಲ್ಲ. ಇನ್ನಾಸಪ್ಪನವರಿಗೆ ಗೊತ್ತಿತ್ತು. ನನ್ನನ್ನು ಪರಿಚಯ ಮಾಡಿಸದೆ ಹೋದರು ಎಂದು ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಸಂಜೆ ಸರ ಹಿಡಿಯುತ್ತೇನೆ. ಈಗ ಅವರ ಪಾಲನ್ನು ನಾನು ಹೇಳುತ್ತೇನೆ, ಗಡಗಡನೆ ಅಲ್ಲ, ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಂಡು. ಯೇಸುವಿನ ಹೆಸರಿನವರೆಗೆ ಬರುತ್ತೇನೆ. ಅಲ್ಲಿ ನಿಲ್ಲುತ್ತೇನೆ. ನನ್ನ ಪಾಲು ಬಾಯಿಗೆ ಬರುತ್ತಿಲ್ಲ.

ಏನೂ ಆಗುವುದಿಲ್ಲ. ಮನಸ್ಸಿಗೆ ತಂಪೂ ಆಗುವುದಿಲ್ಲ. ಮೇಣದ ಮನುಷ್ಯ ಕತ್ತು ವಾಲಿಸಿಕೊಂಡು ನಿಂತಿರುತ್ತಾನೆ.

ಮೊನ್ನೆ ಕಾಂಪೌಂಡಿನ ಆಚೆಯಿಂದ ಖೈರುನ್ ಬಿ ಕೇಳಿದಳು. ಎಷ್ಟೋ ವರ್ಷದಿಂದ ನಮ್ಮಿಬ್ಬರ ದನಿ ಕೇಳಿದವಳು ಅವಳು.

"ಅಮ್ಮಾ, ಅರ್ಧಕ್ಕೇ ನಿಲ್ಲಿಸ್ತೀರಲ್ಲಾ? ಯಾರಿಗಾದ್ರೂ ಕಾಯ್ತಿದೀರಾ?"

ಇಲ್ಲ ಎನ್ನಲು ಹೋದೆ. ಪಟದ ಮುಂದೆ ಅದೇ ಸ್ಟೂಲ್ ಇತ್ತು. ಫಾದರ್ ಹಾಸಿದ ಬಿಳಿ ಬಟ್ಟೆಯನ್ನು ನಾನು ಇನ್ನೂ ತೆಗೆದಿರಲಿಲ್ಲ.

"ಹೂಂ ಖೈರುನ್," ಎಂದೆ. "ಕೂತಿದೀನಿ."