ನ್ಯಾಟ್ ವಿಮಾನದ ಮುಂದೆ ಮಾವನ ಸ್ಪ್ಯಾನರ್

ಗಿರಿನಗರದಿಂದ ಹೊರಡುವ ಮೊದಲೇ ನನ್ನ ತಲೆ ಕೆಟ್ಟಿತ್ತು. ಆಯುಧಪೂಜೆಯ ದಿನ ಬೆಂಗಳೂರಿನ ರಸ್ತೆಗೆ ಯಾರಾದರೂ ಇಳಿಯುತ್ತಾರೆಯೇ? ನಮ್ಮಮ್ಮ ಇಳಿಯುತ್ತಾಳೆ. ಕೋಣನಕುಂಟೆಯಾಚೆ ಹಳೆಯ ಯುದ್ಧವಿಮಾನಗಳ ಪುಟ್ಟ ಮ್ಯೂಸಿಯಂ ಇದೆ, ಅಲ್ಲಿ ನ್ಯಾಟ್ ವಿಮಾನ ನಿಲ್ಲಿಸಿದ್ದಾರೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು.

ಅಮ್ಮನ ತಮ್ಮ ರಾಮು ಮಾವ ವಾಯುಪಡೆಯಲ್ಲಿ ನ್ಯಾಟ್ ರಿಪೇರಿ ಮಾಡುತ್ತಿದ್ದರು. ನಾನು ಹುಟ್ಟುವ ಮೊದಲೇ, ಎಲ್ಲೋ ದೂರದಲ್ಲಿ, ಡ್ಯೂಟಿಯಲ್ಲಿದ್ದಾಗ ತೀರಿಕೊಂಡರು. ಅಮ್ಮನಿಗೆ ಕೊನೆಗೆ ಮುಖ ನೋಡುವುದಕ್ಕೂ ಆಗಲಿಲ್ಲ. ಅವರ ಟ್ರಂಕಿನಲ್ಲಿ ಬಂದ ಸ್ಪ್ಯಾನರಿಗೆ ಪ್ರತಿ ಆಯುಧಪೂಜೆಗೂ ನಮ್ಮನೆಯಲ್ಲಿ ಕುಂಕುಮ. ಈ ಸಲ ಅದನ್ನು ನ್ಯಾಟ್ ಮುಂದೆಯೇ ಇಟ್ಟು ಪೂಜೆ ಮಾಡಬೇಕು ಎಂದು ಅವಳ ಹಟ.

ರಾಹುಕಾಲ ಮುಗಿಯಲಿ ಎಂದು ಕಾದದ್ದಾಯಿತು. ಸಿಕ್ಕ ಆಟೋದ ಮುಂದೆ ಬಾಳೆಕಂದು ಕಟ್ಟಿದ್ದರಿಂದ ಡ್ರೈವರಿಗೆ ಅರ್ಧ ರಸ್ತೆಯೇ ಕಾಣುತ್ತಿರಲಿಲ್ಲ. "ಹಬ್ಬ ಮೇಡಂ, ಮೀಟರ್ ಮೇಲೆ ನೂರು ಕೊಡಿ" ಅಂದ. ಬನಶಂಕರಿ ದಾಟುವಷ್ಟರಲ್ಲಿ ಜಾಮ್. ರಸ್ತೆ ತುಂಬಾ ಒಡೆದ ಬೂದುಗುಂಬಳ, ಅದರ ಮೇಲೆ ಜಾರುವ ಸ್ಕೂಟರುಗಳು. ಹತ್ತು ಕಿಲೋಮೀಟರಿಗೆ ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯಿತು. ಬಿಸಿಲು ನೆತ್ತಿ ಸುಡುತ್ತಿತ್ತು.

ಗೇಟಿನಲ್ಲಿ ಸೆಕ್ಯುರಿಟಿಯವನು ಬ್ಯಾಗ್ ತೆರೆಸಿದ. "ಸ್ಪ್ಯಾನರ್ ಒಳಗೆ ಬಿಡಲ್ಲ ಅಜ್ಜಿ. ವಿಸಿಟರ್ಸ್ ಟೂಲ್ಸ್ ತರಂಗಿಲ್ಲ."

"ನನ್ ತಮ್ಮಂದು ಕಣಪ್ಪ. ಇದನ್ನ ಅದರ ಮುಂದೆ ಇಡ್ಬೇಕು ಅಂತಾನೇ ಬಂದಿರೋದು."

"ರೂಲ್ಸ್ ಅಜ್ಜಿ."

ನನಗೆ ರೇಗಿಹೋಯಿತು. "ಎಪ್ಪತ್ತೈದು ವರ್ಷದವ್ರು ವಿಮಾನ ಬಿಚ್ಕೊಂಡು ಹೋಗ್ತಾರೇನ್ರೀ?" ಅವನು ಜಗ್ಗಲಿಲ್ಲ. ಅಮ್ಮನ ಕೈಯಿಂದ ಸ್ಪ್ಯಾನರ್ ಬಿಡಿಸಿ ನಾನೇ ಅವನ ಮೇಜಿನ ಮೇಲೆ ಕುಕ್ಕಿದೆ. ಅಮ್ಮ ಖಾಲಿ ಬ್ಯಾಗ್ ಹಿಡಿದು ಒಳಗೆ ನಡೆದಳು.

ಒಳಗೆ ಐದಾರು ವಿಮಾನ, ಓದಲಾಗದಷ್ಟು ಮಾಸಿದ ಬೋರ್ಡುಗಳು, ಗಾಳಿ ಬಾರದ ಒಂದು ಫ್ಯಾನು. 'ಮುಟ್ಟಬೇಡಿ' ಎಂಬುದು ಮಾತ್ರ ಎಲ್ಲೆಲ್ಲೂ ಹೊಳೆಯುತ್ತಿತ್ತು. ಆದರೂ ಎಲ್ಲ ವಿಮಾನದ ಮೂತಿಗೂ ವಿಭೂತಿ, ಚಕ್ರದಡಿಗೆ ನಿಂಬೆಹಣ್ಣು. ಇನ್ನೆಂದೂ ಒಂದಡಿ ಓಡದ ವಿಮಾನಕ್ಕೆ ನಿಂಬೆಹಣ್ಣು ಯಾಕೋ!

ನ್ಯಾಟ್ ಇದ್ದದ್ದು ಕೊನೆಗೆ, ಹಿತ್ತಲಿನಲ್ಲಿ.

"ಇಷ್ಟೇನಾ?" ಅಂದಳು ಅಮ್ಮ. "ಬಸ್ಸಿಗಿಂತ ಪುಟ್ಟದು ಕಣೇ."

ರೆಕ್ಕೆಯ ಕೆಳಗೆ ಬಾಳೆಲೆ ಹಾಸಿ ಮ್ಯೂಸಿಯಂನವರ ಸುತ್ತಿಗೆ, ಸ್ಕ್ರೂಡ್ರೈವರ್, ಟಾರ್ಚು ಎಲ್ಲ ಪೂಜೆಗಿಟ್ಟಿದ್ದರು. ಅವುಗಳ ನಡುವೆ, ಹಸಿ ಕುಂಕುಮ ಮತ್ತು ಒಂದು ಸೇವಂತಿಗೆಯೊಂದಿಗೆ, ಮಾವನ ಸ್ಪ್ಯಾನರ್!

ಸೆಕ್ಯುರಿಟಿಯವನು ಅಲ್ಲೇ ಬರಿಗಾಲಲ್ಲಿ ನಿಂತಿದ್ದ. "ನೀವು ತರಂಗಿಲ್ಲ ಅಜ್ಜಿ. ನಾನು ತರಬೋದಲ್ಲ."

ಅಮ್ಮ ಕೈಮುಗಿದು ತುಂಬ ಹೊತ್ತು ನಿಂತಳು. ಹೊರಡುವಾಗ ನಾನು ಸ್ಪ್ಯಾನರಿಗೆ ಕೈ ಹಾಕಿದೆ.

"ಅಯ್ಯೋ, ಪೂಜೆಗಿಟ್ಟಿದ್ದು ಇವತ್ತು ಎತ್ತಂಗಿಲ್ಲ ಮೇಡಂ! ನಾಳೆ ವಿಜಯದಶಮಿ, ಪೂಜೆ ಆದ್ಮೇಲೆ ತಗೊಳ್ಳಿ."

"ನಾಳೆ ಮತ್ತೆ ಈ ಜಾಮಲ್ಲಿ ಬರ್ಬೇಕಾ?" ಎಂದು ಕೂಗಿಯೇ ಬಿಟ್ಟೆ.

ಅಮ್ಮ ನನ್ನ ಕೈ ಹಿಡಿದಳು. "ಇರ್ಲಿ ಬಿಡೇ. ಅವ್ನು ಹೋದಾಗ ಮನೆಯವ್ರು ಯಾರೂ ಹತ್ರ ಇರ್ಲಿಲ್ಲ. ಒಂದು ರಾತ್ರಿ ನಮ್ಮನೇದು ಏನಾದ್ರೂ ಇಲ್ಲಿರ್ಲಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ಪ್ಯಾನರನ್ನು ಅಲ್ಲೇ ಬಿಟ್ಟು ಹೊರಟೆವು.

ವಾಪಸು ಬರುವಾಗ ಬನಶಂಕರಿಯಲ್ಲಿ ಮತ್ತೆ ಜಾಮ್. ಖಾಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ನಿದ್ದೆ ಹೋಗಿದ್ದಳು. ನಾನು ಹಾರನ್ನುಗಳಿಗೆಲ್ಲ ಶಾಪ ಹಾಕುತ್ತಾ ಮೊಬೈಲ್ ತೆಗೆದು, ನಾಳೆ ರಾಹುಕಾಲ ಎಷ್ಟೊತ್ತಿಗೆ ಮುಗಿಯುತ್ತದೆ ಎಂದು ನೋಡಿದೆ.