ಕುದಿಸದ ನೀರು

ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಬಿಸಿನೀರಜ್ಜಿ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಇಸ್ತ್ರಿ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಸದಾ ಯಾರದೋ ಅಂಗಿ. ಆದರೆ ಊರು ಅವಳನ್ನು ಗುರುತಿಸಿದ್ದು ಇಸ್ತ್ರಿಯಿಂದಲ್ಲ, ಒಳಗೆ ಒಲೆಯ ಮೇಲೆ ಕೊತಕೊತ ಎನ್ನುತ್ತಿದ್ದ ಪಾತ್ರೆಯಿಂದ. ಕುದಿಯದ ನೀರು ಆ ಮನೆಯಲ್ಲಿ ಯಾರ ಗಂಟಲಿಗೂ ಇಳಿಯುತ್ತಿರಲಿಲ್ಲ.

"ಅಜ್ಜಿ, ನೀವು ಕುದಿಸೋ ಅಬ್ಬರಕ್ಕೆ ನೀರಿಗೇ ಜ್ವರ ಬಂದಿದೆ, ಪಾಪ, ಇಳಿಸ್ಬಿಡಿ!" ಎಂದು ಎದುರುಮನೆಯ ಬೇಕರಿಯವನು ಕಿಚಾಯಿಸುತ್ತಿದ್ದ.

"ನಿನ್ನ ಬ್ರೆಡ್ಡನ್ನ ಹಸಿಹಸಿ ಮಾರ್ತೀಯೇನೋ? ಸುಮ್ನಿರು," ಎಂದು ಅವಳು ಅವನ ಬಾಯಿ ಮುಚ್ಚಿಸುತ್ತಿದ್ದಳು.

ನಗುವವರಿಗೇನು, ನಕ್ಕರು. ಹೆತ್ತ ಕರುಳಿಗೆ ಗೊತ್ತು. ಅವಳ ಮೊದಲ ಮಗ ಆಗತಾನೇ ನಡೆಯಲು ಕಲಿತಿದ್ದ. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹಿಡಿದು, ಅವಳ ಮಡಿಲಲ್ಲೇ ಕಣ್ಣು ಮುಚ್ಚಿಬಿಟ್ಟ. ನೀರಿನಿಂದ ಆದದ್ದು, ಕುದಿಸಿ ಕೊಟ್ಟಿದ್ದರೆ ಮಗು ಉಳಿಯುತ್ತಿತ್ತು ಎಂದು ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಹೇಳಿ ಹೋದರು. ಅವರಿಗೆ ಅದು ಒಂದು ಮಾತು. ಇವಳಿಗೆ ಬದುಕಿಡೀ ಅದೇ ಮಾತು. ಅವತ್ತು ಹೊತ್ತಿಸಿದ ಒಲೆಯನ್ನು ಅವಳು ಆರಿಸಿದ್ದೇ ಇಲ್ಲ ಎಂದರೂ ನಡೆದೀತು.

ಮಗಳನ್ನು ಹಾಗೆಯೇ ಬೆಳೆಸಿದಳು. ಮಗಳು ಬಸ್ ಕಂಡಕ್ಟರ್ ಆದಳು, ಗಂಡನಿಂದ ದೂರವಾಗಿ ಎಳೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ತಾಯಿಯ ಈ ಹಳೆಯ ಬಾಡಿಗೆಮನೆಗೇ ವಾಪಸು ಬಂದಳು. ಬೆಳಗಿನ ಮೊದಲ ಬಸ್ಸಿಗೆ ಅವಳು ಹೊರಟರೆ ಮಗು ಅಜ್ಜಿಯ ಪಾಲು. ಅಜ್ಜಿಯ ಅಕ್ಕರೆ ಎಂದರೆ ಅಷ್ಟಿಷ್ಟಲ್ಲ. ಎದ್ದ ಕೂಡಲೇ ನಲ್ಲಿ ತಿರುಗಿಸಿ, ಮೊದಲು ಬಿದ್ದ ನೀರನ್ನೇ ಹಿಡಿಯುವಳು. ಯಾರ ಕೈಯೂ ಸೋಕದ ಮೊದಲ ನೀರು ಮೊಮ್ಮಗಳಿಗೇ ಮೀಸಲು. ಅದನ್ನು ಅರ್ಧಕ್ಕೆ ಇಳಿಯುವ ತನಕ ಕುದಿಸುವಳು. ಹಾಲಿನ ಪುಡಿ ಕದಡಿದ್ದು ಅದರಲ್ಲಿ, ಗಂಜಿ ಬೇಯಿಸಿದ್ದು ಅದರಲ್ಲಿ.

ಹುಡುಗಿ ಅರಳು ಹುರಿದಂತೆ ಮಾತಾಡುತ್ತಿದ್ದವಳು. ಶಿಶುವಿಹಾರಕ್ಕೆ ಸೇರುವ ಹೊತ್ತಿಗೆ ಯಾಕೋ ಮಂಕಾದಳು. ಹೊಟ್ಟೆನೋವು ಎಂದು ಮುದುರಿ ಮಲಗುವಳು. ಒಂದು ಸಲ ಬಾಚಣಿಗೆ ಬೇಕಾಗಿ ಅದರತ್ತ ಕೈ ಚಾಚಿದವಳು, "ಅಜ್ಜಿ, ಅದು... ಅದು..." ಎಂದು ಸುಮ್ಮನಾಗಿಬಿಟ್ಟಳು. ಗೊತ್ತಿದ್ದ ಪದ ಬಾಯಿಗೆ ಬರಲೊಲ್ಲದು. ಅಜ್ಜಿಯೇ ಬಾಚಣಿಗೆ ಎತ್ತಿ ಕೊಟ್ಟಳು. ಮಗಳಿಗೆ ಮಾತ್ರ ಹೇಳಲಿಲ್ಲ.

ಶಿಶುವಿಹಾರಕ್ಕೆ ಆರೋಗ್ಯ ಇಲಾಖೆಯವರು ಬಂದು ಮಕ್ಕಳ ರಕ್ತ ತೆಗೆದು ನೋಡಿದರು. ಇವಳ ರಕ್ತದಲ್ಲಿ ಸೀಸ ಇದೆ ಎಂದರು, ಇರಬಾರದಷ್ಟು ಇದೆ, ಅದು ಮಕ್ಕಳ ಮಿದುಳಿಗೆ ಏರುತ್ತದೆ ಎಂದರು. ಅದರ ಬೆನ್ನಿಗೇ ನೀರು ಪರೀಕ್ಷೆಯ ಹುಡುಗಿಯೊಬ್ಬಳು ಬಾಟಲಿಗಳನ್ನು ಹಿಡಿದು ಮನೆಗೆ ಬಂದಳು. ನಲ್ಲಿಯ ಹಿಂದೆ ಬಗ್ಗಿ ಹಳೆಯ ಪೈಪನ್ನು ಬೀಗದ ಕೈಯಿಂದ ಕೆರೆದಳು. ಮಣ್ಣುಬಣ್ಣ ಹೋಗಿ ಒಳಗೆ ಬೆಳ್ಳಗೆ ಮಿಂಚಿತು.

"ಪೈಪೇ ಸೀಸದ್ದು, ಅಜ್ಜಿ. ರಾತ್ರಿಯಿಡೀ ನೀರು ಇದರೊಳಗೆ ನಿಂತಿರುತ್ತೆ. ಬೆಳಗ್ಗೆ ಮೊದಲು ಬರೋ ನೀರಲ್ಲೇ ಸೀಸ ಜಾಸ್ತಿ."

"ನಾನು ಕುದಿಸ್ತೀನಲ್ಲಮ್ಮ! ಕುದಿಸದೆ ಒಂದು ತೊಟ್ಟೂ ಕೊಟ್ಟಿಲ್ಲ. ಬೇಕಾದ್ರೆ ಬೀದಿಯೋರನ್ನ ಕೇಳು."

ಹುಡುಗಿ ತಲೆ ತಗ್ಗಿಸಿದಳು. "ಕುದಿಸಿದ್ರೆ ಹುಳ ಸಾಯುತ್ತೆ ಅಜ್ಜಿ. ಸೀಸ ಸಾಯಲ್ಲ. ನೀರು ಆವಿಯಾಗಿ ಹೋಗುತ್ತೆ, ಅದು ತಳದಲ್ಲೇ ಉಳಿಯುತ್ತೆ. ಇಂಗಿಸಿದಷ್ಟೂ ಗಟ್ಟಿಯಾಗುತ್ತೆ."

ಅಜ್ಜಿ ಮುಂದಿನ ಕೋಣೆಗೆ ಬಂದಳು. ಮೇಜಿನ ಅಂಚು ಹಿಡಿದು ನಿಂತಳು. ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಬೆನ್ನನ್ನು ಸುಡುತ್ತಿತ್ತು, ವಾಸನೆ ಬಂದರೂ ಎತ್ತಬೇಕೆಂದು ತೋಚಲಿಲ್ಲ.

ಸಂಜೆ ಮಗಳು ಬಂದು ಕೂಗಾಡಿದಳು. "ಅರ್ಧಕ್ಕೆ ಇಳಿಸು ಅಂತ ನಿಂಗೆ ಯಾರಮ್ಮ ಹೇಳಿದ್ದು? ಯಾರು ಹೇಳಿದ್ದು?" ಆಮೇಲೆ ತೀರಿಹೋದ ಅಣ್ಣನ ನೆನಪಾಯಿತೋ ಏನೋ, ಟಿಕೆಟ್ಟಿನ ಚೀಲವನ್ನು ಗೋಡೆಗೆ ನೇತುಹಾಕಿದಳು.

ಬೀದಿಯ ತುದಿಗೆ ನೀರಿನ ಟ್ಯಾಂಕರ್ ಬರತೊಡಗಿತು. ಅಜ್ಜಿ ಹೊಸ ಪಾತ್ರೆ ತಂದು ಟ್ಯಾಂಕರಿನ ನೀರನ್ನೇ ಒಂದು ಕುದಿ ಕುದಿಸಿ ಇಳಿಸುವಳು. ಹೋದದ್ದು ಹೋಗಿರಬಹುದು, ಇನ್ನಷ್ಟು ಸೀಸ ಹೊಟ್ಟೆಗೆ ಇಳಿಯದಂತೆ ನೋಡಿಕೊಳ್ಳಿ, ಮತ್ತೊಮ್ಮೆ ರಕ್ತ ನೋಡೋಣ ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. "ಹೋದದ್ದು" ಎಂಬ ಆ ಮಾತು ಅವಳನ್ನು ಹಿಂಡಿಹಾಕಿತು. ಏನು ಹೋಯಿತು? ಎಷ್ಟು ಹೋಯಿತು? ದಿನವಿಡೀ ಮಗುವಿನ ಹಿಂದೆಯೇ ಸುತ್ತುವಳು. "ಇದೇನು ಪುಟ್ಟಿ?" "ಚಮಚ." "ಸರಿ, ಇದೇನು?" "ಗುಂಡಿ." "ಜಾಣೆ! ಇದು?" ಬಾಚಣಿಗೆಯನ್ನು ಮಾತ್ರ ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುವಳು. ಕೇಳಲು ಅವಳಿಗೆ ಧೈರ್ಯವಿರಲಿಲ್ಲ.

ಮತ್ತೆ ರಕ್ತ ಕೊಡುವ ದಿನ ಬಂತು. ಮೂವರೂ ಬಸ್ಸು ಹಿಡಿದು ಆಸ್ಪತ್ರೆಗೆ ಹೋದರು. ನರ್ಸು ಮಗುವಿನ ಮೊಣಕೈಯನ್ನು ಒತ್ತಿ ಒತ್ತಿ ನೋಡಿದಳು. "ನರ ಸಿಗ್ತಿಲ್ಲ. ಮಗು ನೀರೇ ಕುಡಿದಿಲ್ಲ ಅನ್ಸುತ್ತೆ. ಒಂದೆರಡು ಲೋಟ ಕುಡಿಸಿ, ಆಮೇಲೆ ಬನ್ನಿ."

ಅಜ್ಜಿ ಚೀಲದಿಂದ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸುವಾಗ ಮಗಳು ಕೇಳಿದಳು:

"ಅಮ್ಮ, ಯಾವ ನೀರಿದು? ಟ್ಯಾಂಕರಿಂದಾ? ನಲ್ಲೀದಾ?"

ಅಜ್ಜಿ ಬಾಯಿ ತೆರೆದಳು. ಬೆಳಗಿನ ಗಡಿಬಿಡಿ. ಕತ್ತಲಲ್ಲಿ ಎದ್ದದ್ದು ನೆನಪಿದೆ. ಪಾತ್ರೆ ಇಟ್ಟದ್ದು ನೆನಪಿದೆ. ಕೈ ಹಳೆಯ ರೂಢಿಯಂತೆ ನಲ್ಲಿಯ ಕಡೆಗೇ ಹೋಗಿತ್ತೋ, ಟ್ಯಾಂಕರ್ ನೀರಿನ ಕೊಡದ ಕಡೆಗೆ ಹೋಗಿತ್ತೋ? ಅಯ್ಯೋ ದೇವರೇ, ಎಷ್ಟು ಹುಡುಕಿದರೂ ಸಿಗಲೊಲ್ಲದು.

"ಗೊತ್ತಿಲ್ಲ ಕಣೇ," ಎಂದಳು. "ನಂಗೆ ಗೊತ್ತಾಗ್ತಿಲ್ಲ."

ಬಾಟಲಿಯ ನೀರನ್ನು ಅಲ್ಲೇ ಕೈತೊಳೆಯುವ ತೊಟ್ಟಿಗೆ ಸುರಿದಳು. ತನ್ನ ಕೈಯನ್ನೇ ತಾನು ನಂಬದ ಸ್ಥಿತಿ ಅವಳಿಗೆ ಅದುವರೆಗೆ ಬಂದಿರಲಿಲ್ಲ.

ಮೂಲೆಯಲ್ಲಿ ಆಸ್ಪತ್ರೆಯ ಫಿಲ್ಟರ್ ಇತ್ತು. "ಅದು ಶುದ್ಧ ಮಾಡಿದ ನೀರೇ. ನಾವೆಲ್ಲ ಅದನ್ನೇ ಕುಡಿಯೋದು," ಎಂದಳು ನರ್ಸು. ಮಗಳು ಲೋಟ ತುಂಬಿಸಿ ಮಗುವಿನ ತುಟಿಗೆ ಹಿಡಿದಳು. ಮಗು ಮುಖ ತಿರುಗಿಸಿ ಅಜ್ಜಿಯನ್ನು ನೋಡಿತು.

"ಕುದಿಸಿದ್ದಾ ಅಜ್ಜಿ?"

ತಡವರಿಕೆ ಇಲ್ಲ, ಹುಡುಕಾಟ ಇಲ್ಲ, ಸ್ಪಷ್ಟವಾಗಿ ಕೇಳಿತು. ಬಾಚಣಿಗೆಯನ್ನು ಮರೆತ ಮಗು ಇದನ್ನು ಮರೆತಿರಲಿಲ್ಲ.

"ಹೂಂ ಅನ್ನಮ್ಮ," ಎಂದು ಮಗಳು ಪಿಸುಗುಟ್ಟಿದಳು. "ಹೂಂ ಅಂದ್ಬಿಡು, ಕುಡಿಯುತ್ತೆ."

'ಒಳ್ಳೆಯದು, ಕುದಿಸಿದ್ದೇನೆ, ಕುಡಿ' ಎಂದು ಇಷ್ಟು ದಿನ ಕೊಟ್ಟದ್ದು ಏನೆಂದು ಅಜ್ಜಿಗೆ ಈಗ ಗೊತ್ತಾಗಿತ್ತಲ್ಲ.

"ಇಲ್ಲ ಪುಟ್ಟಿ. ಕುದಿಸಿಲ್ಲ," ಎಂದಳು. "ತಾ ಇಲ್ಲಿ. ಮೊದ್ಲು ನಾನು ಕುಡೀತೀನಿ, ನೋಡು."

ಮಗಳ ಕೈಯಿಂದ ಲೋಟ ತೆಗೆದುಕೊಂಡಳು. ಮಗ ಹೋದ ಮೇಲೆ ಕುದಿಯದ ನೀರು ಅವಳ ಬಾಯಿಗೆ ಬಿದ್ದಿರಲಿಲ್ಲ. ತುಟಿಗೆ ತಣ್ಣಗೆ ತಾಗಿದ ಕೂಡಲೇ ಆ ಬೇಸಿಗೆ, ಆ ಚಾಪೆ, ಆ ಎಳೆಯ ಹೊಟ್ಟೆ ಎಲ್ಲ ಕಣ್ಣ ಮುಂದೆ ಬಂದು ನಿಂತವು. ಉಗುಳಿಬಿಡಬೇಕೆನಿಸಿತು. ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಅವಳು ನುಂಗಿದಳು. ಪೂರ್ತಿ ಕುಡಿದು ಲೋಟವನ್ನು ಬೋರಲು ಹಾಕಿ ತೋರಿಸಿದಳು.

ಮಗಳು ಮತ್ತೆ ತುಂಬಿಸಿದಳು. ಮಗು ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿಯಿತು.

"ತಣ್ಣಗಿದೆ ಅಜ್ಜಿ," ಎಂದು ನಕ್ಕು, "ಇನ್ನೂ ಬೇಕು," ಎಂದಿತು.

"ಕುಡಿ ಕಂದ," ಎಂದಳು ಅಜ್ಜಿ. ಒಂದು ಕೈಯಲ್ಲಿ ಲೋಟಕ್ಕೆ ಆಸರೆ ಕೊಟ್ಟಳು. ಇನ್ನೊಂದು ಕೈ ತಾನಾಗಿಯೇ ಹೋಗಿ ಮಗುವಿನ ಹೊಟ್ಟೆಯ ಮೇಲೆ ಕೂತಿತು. ರಕ್ತ ಕೊಟ್ಟು ಬಸ್ಸು ಹತ್ತಿದರೂ, ಮನೆಯ ಬಾಗಿಲಿಗೆ ಬಂದರೂ ಅವಳು ಆ ಕೈ ತೆಗೆಯಲಿಲ್ಲ.