ಖಾಲಿ ಗೋಲಿಗೂ ಹೋಗದ ಚೆಂಡು

ಗೆಳೆಯರೇ, ಇವತ್ತು ಸಂಜೆ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ನಮ್ಮ ಬಿಳಿಗೆರೆ ಶೆಟ್ಟಿಕೆರೆಯ ಎದುರು ಸೋತಿತು. ಕೊನೆಯ ಗಳಿಗೆಯಲ್ಲಿ ನಮಗೊಂದು ಪೆನಾಲ್ಟಿ ಸಿಕ್ಕಿತ್ತು. ಗೋಲಾದರೆ ಆಟ ಸಮ, ತಪ್ಪಿದರೆ ಟೂರ್ನಮೆಂಟಿನಿಂದಲೇ ಹೊರಗೆ. ಒದೆಯುವವನು ನನ್ನ ಚಿಕ್ಕಪ್ಪನ ಮಗ ಶಿವಣ್ಣ.

ಗೋಲಿನ ಹಿಂದೆಯೇ ತೆಂಗಿನ ತೋಟ. ಶಿವಣ್ಣ ಓಡಿ ಬಂದು ಕಾಲೆತ್ತಿದ. ಅಷ್ಟರಲ್ಲಿ ಮೇಲೆಲ್ಲೋ ಗರಿ ಕಳಚಿದ ಸದ್ದು. ಶೆಟ್ಟಿಕೆರೆಯ ಗೋಲ್‌ಕೀಪರ್ ತಲೆ ಹಿಡಿದುಕೊಂಡು ಓಟ ಕಿತ್ತ. ಗೋಲು ಪೂರ್ತಿ ಖಾಲಿ! ಆದರೆ ಶಿವಣ್ಣನೂ ತೋಟದಲ್ಲೇ ಬೆಳೆದವನು. ಅವನ ಎರಡೂ ಕೈ ನೆತ್ತಿಗೆ ಹೋದವು, ಕಣ್ಣು ಮೇಲಕ್ಕೆ ಹೋಯಿತು, ಚೆಂಡು ಕಾಲಂಚಿಗೆ ತಗುಲಿ ಕಂಬದ ಆಚೆ ಉರುಳಿತು. ಗರಿ ಬಿದ್ದದ್ದು ಎಷ್ಟೋ ದೂರದಲ್ಲಿ.

"ಕೀಪರ್ರೇ ಓಡೋದ ಕಣ್ರೀ, ಇನ್ನೊಂದ್ಸಲ ಒದೀಬೇಕು!" ಎಂದು ನಮ್ಮವರು ಕೂಗಿದರು.

"ಅವನು ಓಡಿದ್ರೆ ನಿಮಗೇ ಅನುಕೂಲ ಅಲ್ವೇನ್ರಪ್ಪಾ?" ಎಂದರು ರೆಫ್ರಿ. ಊರಿಗೆ ಹೊಸಬರಾದ ಪಿ.ಟಿ. ಮೇಷ್ಟ್ರು ಅವರು. ಇಡೀ ಮೈದಾನದಲ್ಲಿ ತಲೆ ಮುಚ್ಚಿಕೊಳ್ಳದೆ ನಿಂತಿದ್ದವರು ಅವರೊಬ್ಬರೇ.

ಈಗ ಶಿವಣ್ಣ ಮುದ್ದೆ ಮುಟ್ಟದೆ ಕೂತಿದ್ದಾನೆ. ಅಜ್ಜಿ ಅವನ ತಲೆ ತಡವಿ, "ಬುರುಡೆ ನೆಟ್ಟಗೈತಲ್ಲ, ಬುಡು ಮಗಾ. ಗೋಲು ನಾಳೆ ಹೊಡ್ದ್ರಾಯ್ತು" ಅಂದರು.

ಸೆಮಿಫೈನಲ್‌ಗೆ ನಾಳೆ ಎಂಬುದಿಲ್ಲ ಎಂದು ಅಜ್ಜಿಗೆ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ.